ಮಳೆಗೆ ಮೊದಲು ಮಾಳಿಗೆ ಹತ್ತುವವರು



ನಾಗಲಮಡಿಕೆ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಸುಬ್ರಹ್ಮಣ್ಯ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದೇವೆ. ಪುಷ್ಯದ ಷಷ್ಠಿಗೆ ತೇರು, ಅದರ ಬೆನ್ನಿಗೇ ದನಗಳ ಜಾತ್ರೆ. ಈಚೆಗೆ ಇದೇ ಹೋಬಳಿಯ ತಿರುಮಣಿಯ ಹೆಸರೂ ದೇಶಕ್ಕೆಲ್ಲ ಗೊತ್ತಾಗಿದೆ, ಸೋಲಾರ್ ಪಾರ್ಕ್‌ನಿಂದಾಗಿ. ನಾನು ಇವತ್ತು ಹೇಳಹೊರಟಿರುವುದು ಇವಕ್ಕಿಂತ ಬಹಳ ಸಣ್ಣ ಸಂಗತಿ. ಸೋರುವ ಮಾಳಿಗೆ, ಸುಟ್ಟುಹೋದ ಮೋಟರು, ತೊಟ್ಟಿಕ್ಕುವ ನಲ್ಲಿ, ಇವನ್ನು ಸರಿಮಾಡುವವರು. ಆದರೆ ಮಾತು ಸುತ್ತಿ ಬಳಸಿ ತಿರುಮಣಿಗೂ ಹೋಗಿಯೇ ಹೋಗುತ್ತದೆ.

ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಒತ್ತೊತ್ತಾಗಿ ಚಕ್ಕೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಬರುವುದು ಕರಲು ಮಣ್ಣು. ಕೆಲವು ಊರಲ್ಲಿ ಅದನ್ನೇ ಚೌಳು ಎನ್ನುತ್ತಾರೆ. ಊರಾಚೆ ಬೆಳ್ಳಗೆ ಬೂದಿ ಚೆಲ್ಲಿದ ಹಾಗೆ ಕಾಣುವ ನೆಲವಿರುತ್ತದಲ್ಲ, ಅಲ್ಲಿಂದ ತರುವ ಮಣ್ಣು. ಆ ನೆಲದಲ್ಲಿ ಬೆಳೆ ಬರುವುದಿಲ್ಲ. ರೈತನಿಗೆ ಅದು ಶಾಪ. ಮಾಳಿಗೆಗೆ ಮಾತ್ರ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ. ಕಾರಣ ಸರಳ. ಆ ಮಣ್ಣಿನಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ, ಹೋಗಿ ಸಂದುಗಳಲ್ಲಿ ಕೂತು, ದಾರಿಯನ್ನೇ ಮುಚ್ಚಿಬಿಡುತ್ತವೆ. ನೀರು ಒಳಕ್ಕೆ ಇಳಿಯಲಾರದೆ ಮೇಲೆಯೇ ಹರಿದು ದೋಣಿ ಹಿಡಿಯುತ್ತದೆ. ಹೊಲದಲ್ಲಿ ಬೇರಿಗೆ ನೀರು, ಗಾಳಿ ಸಿಗದ ಹಾಗೆ ಮಾಡುವ ಗುಣವೇ ಮನೆಯ ಮೇಲೆ ಸೋರದ ಹಾಗೆ ಕಾಪಾಡುತ್ತದೆ. ಇದನ್ನು ಕಂಡುಕೊಂಡವರು ಯಾವ ಪ್ರಯೋಗಾಲಯಕ್ಕೂ ಹೋದವರಲ್ಲ.

ಆದರೆ ಈ ಮಾಳಿಗೆಗೆ ಒಂದು ಕರಾರು ಉಂಟು. ಪ್ರತಿ ಮಳೆಯೂ ಒಂದಿಷ್ಟು ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ, ಪ್ರತಿ ಬೇಸಿಗೆಯಲ್ಲೂ ಒಂದಿಷ್ಟು ಬಿರುಕು ಬಿಡುತ್ತದೆ. ಹಾಗಾಗಿ ವರ್ಷ ವರ್ಷವೂ ಮೇಲೆ ಹತ್ತಲೇಬೇಕು. ಯುಗಾದಿ ಕಳೆದು ಮುಂಗಾರು ಶುರುವಾಗುವುದರೊಳಗೆ ಹೊಲದಲ್ಲಿ ಕೆಲಸವಿರುವುದಿಲ್ಲ. ಆಗ ಗಾಡಿ ಕಟ್ಟಿ ಕರಲು ಹೊಡೆಯುತ್ತಿದ್ದರು. ಮೊದಲು ಮಾಳಿಗೆಯ ಮೇಲೆ ಹುಟ್ಟಿದ ಗರಿಕೆಯನ್ನು ಬೇರುಸಮೇತ ಕೀಳಬೇಕು. ಬರೀ ಕತ್ತರಿಸಿದರೆ ಬೇರು ಒಳಗೇ ಒಣಗಿ ಕೊಳವೆಯಾಗುತ್ತದೆ, ನೀರು ಅದರಲ್ಲೇ ಇಳಿಯುತ್ತದೆ. ಇಲಿ ಬಿಲ, ಇರುವೆ ಗೂಡು ಹುಡುಕಿ ತುಂಬಬೇಕು. ದೋಣಿಯಲ್ಲಿ ಕೂತ ಕಸ ತೆಗೆಯಬೇಕು. ಆಮೇಲೆ ಪುಡಿ ಮಾಡಿದ ಕರಲನ್ನು ದೋಣಿಯ ಕಡೆಗೆ ಇಳುಕಲಾಗಿ ಹರವಬೇಕು. ಅಷ್ಟೇ. ಇದಕ್ಕೆ ಮೇಸ್ತ್ರಿಯನ್ನು ಕರೆದವರಿಲ್ಲ. ಮನೆಯ ಗಂಡಸರು ಮೇಲೆ, ಹೆಂಗಸರು ಕೆಳಗಿನಿಂದ ಮಂಕರಿ ಎತ್ತಿಕೊಡುವುದು, ಮಕ್ಕಳು ದೋಣಿಗೆ ನೀರು ಸುರಿದು ಹರಿಯುತ್ತದೋ ಇಲ್ಲವೋ ನೋಡುವುದು.

ಒಳಗೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ, ನೆಲಕ್ಕೆ ಸಗಣಿ ಸಾರಿಸುವುದು ಪೂರ್ತಿಯಾಗಿ ಹೆಂಗಸರ ಪಾಲು. ಹಬ್ಬದ ಸಡಗರವೆಂದು ನಾವು ತಿಳಿದುಕೊಂಡಿರುವ ಅರ್ಧ ಕೆಲಸ ರಿಪೇರಿಯ ಕೆಲಸವೇ. ಸುಣ್ಣ ಹೊಡೆಯುವಾಗ ಗೋಡೆಯ ಪ್ರತಿ ಗೇಣನ್ನೂ ಕಣ್ಣು ನೋಡುತ್ತದೆ, ಎಲ್ಲಿ ಉಬ್ಬಿದೆ, ಎಲ್ಲಿ ಗೆದ್ದಲು ಎದ್ದಿದೆ ಎಂದು ತಾನಾಗಿ ತಿಳಿಯುತ್ತದೆ. ಮನೆಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವ ಏರ್ಪಾಡನ್ನು ಹಿರಿಯರು ಹಬ್ಬದೊಳಗೆ ಸೇರಿಸಿಬಿಟ್ಟಿದ್ದರು.

ಕೈಕಸುಬು ಹೋಯಿತು, ಈಗಿನವರಿಗೆ ಕೈ ಬಗ್ಗುವುದಿಲ್ಲ ಎಂದು ಗೊಣಗುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮೊಬೈಲ್ ಬಿಚ್ಚಿ ಜೋಡಿಸುವ ಹುಡುಗರು ಹೋಬಳಿಗೊಬ್ಬರಲ್ಲ, ಊರಿಗೊಬ್ಬರಿದ್ದಾರೆ. ಹೋಗಿರುವುದು ಕೈಯಲ್ಲ, ವಾಯಿದೆ. ಕೆಟ್ಟ ಮೇಲೆ ಸರಿಮಾಡುವುದನ್ನು ನಾವು ಈಗಲೂ ಮಾಡುತ್ತೇವೆ. ಕೆಡುವ ಮೊದಲು ಒಂದು ದಿನ ಗೊತ್ತುಮಾಡಿ ನೋಡುವುದನ್ನು ಬಿಟ್ಟಿದ್ದೇವೆ. ಮಣ್ಣಿನ ಮಾಳಿಗೆ ಆ ದಿನವನ್ನು ತಾನೇ ಗೊತ್ತುಮಾಡುತ್ತಿತ್ತು, ಆರ್‌ಸಿಸಿ ಮಾಡುವುದಿಲ್ಲ. ‘ಮೋಲ್ಡ್ ಹಾಕ್ಸಿದೀವಿ, ಇನ್ನೇನು ಚಿಂತೆ’ ಎಂದು ನಾವು ನಿಶ್ಚಿಂತೆಯಾಗಿ ಮಲಗುತ್ತೇವೆ.

ನಮ್ಮ ಪಾವಗಡದಂಥ ಬರದ ತಾಲ್ಲೂಕಿನಲ್ಲಿ ಮನೆ ಸೋರುವ ಮಾತೇ ಎಂದು ದೂರದ ಕೇಳುಗರಿಗೆ ಅನ್ನಿಸಬಹುದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಸೋರುವುದಕ್ಕೆ ಕಾರಣ ಈ ಬರವೇ. ಹಗಲು ಕಾದು ರಾತ್ರಿ ತಣಿದು ಚಾವಣಿ ಬಿರುಕು ಬಿಡುತ್ತದೆ. ಎರಡು ವರ್ಷ ಮಳೆ ಕೈಕೊಟ್ಟರೆ ಆ ಬಿರುಕು ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ವರ್ಷ ಒಂದೇ ರಾತ್ರಿಯಲ್ಲಿ ತಿಂಗಳ ಮಳೆ ಸುರಿಯುತ್ತದೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಗೌರಿಬಿದನೂರು, ಹಿಂದೂಪುರದ ಮೇಲಿಂದ ಬರುವ ಉತ್ತರ ಪಿನಾಕಿನಿ ವರ್ಷಗಟ್ಟಲೆ ಬರೀ ಮರಳಾಗಿ ಮಲಗಿದ್ದು, ಒಮ್ಮೆಗೇ ಎರಡೂ ದಡ ಮುಟ್ಟಿ ಹರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ರಾತ್ರಿ ಬಕೆಟ್ಟು, ಕೊಳಗ, ದಬರಿ ಎಲ್ಲ ಹಾಸಿಗೆಯ ಮೇಲೆ.

ತಾರಸಿ ಸೋರುವುದಕ್ಕೆ ಅರ್ಧ ಪಾಲು ಕಾರಣ ಬಿರುಕಲ್ಲ, ಕಟ್ಟಿಕೊಂಡ ಪೈಪು. ನಾವು ತಾರಸಿಯ ಮೇಲೆ ಕಡಲೆಕಾಯಿ ಒಣಗಿಸುತ್ತೇವೆ, ಹುಣಸೆಹಣ್ಣು ಒಣಗಿಸುತ್ತೇವೆ. ಸಿಪ್ಪೆ, ದೂಳು, ಬೇವಿನೆಲೆ ಎಲ್ಲ ಸೇರಿ ಮಳೆನೀರಿನ ಪೈಪಿನ ಬಾಯಿಗೆ ಬಿರಡೆಯಾಗುತ್ತದೆ. ನೀರು ನಿಂತರೆ ಎಂಥ ಕಾಂಕ್ರೀಟೂ ಕುಡಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕೆಳಗೆ ಸಿಮೆಂಟು ಹಕ್ಕಳೆ ಎದ್ದು ಬೀಳುತ್ತದೆ. ಬಿರುಕಿಗೆ ಮೇಲಿಂದ ಸಿಮೆಂಟ್ ಬಳಿದರೆ ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಬಾಯಿ ಬಿಡುತ್ತದೆ. ಬಿರುಕನ್ನು ಉಳಿಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಅಗಲ ಮಾಡಿ, ದೂಳು ತೊಳೆದು, ನೆನೆಸಿ, ಆಮೇಲೆ ಅಂಟು ಸೇರಿಸಿದ ಗಾರೆ ತುಂಬಬೇಕು. ಇದು ಮನೆಯವರೇ ಮಾಡಬಹುದಾದ ಕೆಲಸ. ಕಲ್ಲುಚಪ್ಪಡಿಯ ಮನೆಗಳದ್ದು ಬೇರೆ ಕಥೆ. ಹಿಂದೆ ಚಪ್ಪಡಿಯ ಸಂದಿಗೆ ಸುಣ್ಣದ ಗಾರೆ ತುಂಬುತ್ತಿದ್ದರು. ಚಪ್ಪಡಿ ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಸುಣ್ಣ ಸ್ವಲ್ಪ ಜಗ್ಗಿ ತಾಳಿಕೊಳ್ಳುತ್ತದೆ. ಸಿಮೆಂಟು ಜಗ್ಗುವ ಜಾತಿಯಲ್ಲ, ಸೀಳುತ್ತದೆ. ಗಟ್ಟಿ ಇದ್ದದ್ದೆಲ್ಲ ಬಾಳಿಕೆಯದಲ್ಲ ಎಂದು ಅಂಥ ಮನೆಯಲ್ಲಿರುವವರಿಗೆ ಗೊತ್ತು.

ಈಗ ಕಸುಬಿನವರ ವಿಷಯಕ್ಕೆ ಬರೋಣ.

ಹಿಂದೆ ಊರಿನಲ್ಲಿ ಆಯಗಾರರಿದ್ದರು. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕೆರೆಯ ತೂಬು ನೋಡುವ ನೀರುಗಂಟಿ. ಕಮ್ಮಾರ ವರ್ಷವಿಡೀ ಕುಳ ತಟ್ಟಿಕೊಡುತ್ತಿದ್ದ, ಬಡಗಿ ನೇಗಿಲು, ಗಾಡಿ ನೋಡಿಕೊಳ್ಳುತ್ತಿದ್ದ. ಕೂಲಿ ಸಲಸಲಕ್ಕೂ ಅಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಒಯ್ಯುತ್ತಿದ್ದರು. ಇವತ್ತು ಫ್ರಿಜ್ಜಿಗೆ, ಲಿಫ್ಟಿಗೆ, ಕಂಪ್ಯೂಟರಿಗೆ ವರ್ಷದ ಕಾಂಟ್ರಾಕ್ಟ್ ಮಾಡಿಕೊಳ್ಳುತ್ತಾರಲ್ಲ, ಲೆಕ್ಕ ಅದೇ. ಸಲಕ್ಕಿಷ್ಟು ಎಂದು ಕೂಲಿ ಕೊಟ್ಟರೆ ರಿಪೇರಿ ಮಾಡುವವನಿಗೆ ವಸ್ತು ಪದೇಪದೇ ಕೆಟ್ಟಷ್ಟೂ ಲಾಭ. ವರ್ಷಕ್ಕಿಷ್ಟು ಎಂದರೆ ಕೆಡದಿದ್ದಷ್ಟೂ ಲಾಭ. ಇಷ್ಟರ ಮಟ್ಟಿಗೆ ಅದು ಜಾಣ ಏರ್ಪಾಡು. ಹಾಗೆಂದು ಅದನ್ನು ಹೊಗಳಿ ಹಾಡುವವರ ಸಾಲಿನಲ್ಲಿ ನಾನಿಲ್ಲ. ಒಲ್ಲೆ ಎನ್ನುವ ಹಕ್ಕು ಆಯಗಾರನಿಗೆ ಇರಲಿಲ್ಲ. ಯಾವ ಜಾತಿಯಲ್ಲಿ ಹುಟ್ಟಿದನೋ ಆ ಕಸುಬೇ ಗತಿ. ಕಣದಲ್ಲಿ ಎಷ್ಟು ಮೊರ ಹಾಕಬೇಕೆಂಬುದು ಗೌಡರ ಮರ್ಜಿ, ಬರ ಬಂದ ವರ್ಷ ಅದೂ ಇಲ್ಲ. ಏರ್ಪಾಡು ಹೋದದ್ದು ಒಳ್ಳೆಯದೇ ಆಯಿತು. ಅದರೊಳಗಿದ್ದ ಲೆಕ್ಕಾಚಾರವೂ ಜೊತೆಗೇ ಹೋದದ್ದು ನಷ್ಟ.

ಈಗಿನ ಕಾಲದ ಕಮ್ಮಾರ ಎಂದರೆ ಮೋಟರ್ ವೈಂಡಿಂಗ್ ಮಾಡುವವನು. ಪಾವಗಡದ ಪೇಟೆಯಲ್ಲಿ, ಮಡಕಶಿರಾ, ಹಿಂದೂಪುರದ ಕಡೆ ಯಾವ ಅಂಗಡಿಯ ಮುಂದೆ ನಿಂತರೂ ಸಾಲಾಗಿ ಒರಗಿಸಿಟ್ಟ ಸಬ್‌ಮರ್ಸಿಬಲ್ ಮೋಟರುಗಳು ಕಾಣುತ್ತವೆ. ಒಳಗೆ ಒಬ್ಬ ಹುಡುಗ ಕೂತು ಸ್ಟೇಟರಿನ ಸೀಳುಗಳೊಳಗೆ ಒಂದೊಂದೇ ಎಳೆ ತಂತಿ ತೂರಿಸಿ ಎಳೆಯುತ್ತಿರುತ್ತಾನೆ. ಈ ಮೋಟರಿನ ಹೊಟ್ಟೆಯೊಳಗೇ ನೀರಿರುತ್ತದೆ. ಆದ್ದರಿಂದ ಮೇಲಿನ ಮೋಟರಿನ ಹಾಗೆ ಬರೀ ಎನಾಮಲ್ ತಂತಿ ನಡೆಯುವುದಿಲ್ಲ, ಪ್ಲಾಸ್ಟಿಕ್ ಹೊದಿಕೆಯ ತಂತಿ ಬೇಕು. ಎಳೆಯುವಾಗ ಉಗುರು ತಾಗಿ ಹೊದಿಕೆ ಗೀಚಿದರೂ ಬೋರಿನೊಳಗೆ ಇಳಿಸಿದ ದಿನವೇ ಷಾರ್ಟ್. ಇಳಿಸುವ ಮೊದಲು ಮೋಟರಿಗೆ ಶುದ್ಧವಾದ ನೀರು ತುಂಬಿ, ಗುಳ್ಳೆ ಬರುವುದು ನಿಲ್ಲುವ ತನಕ ಅಲುಗಾಡಿಸಿ ಬಿರಡೆ ಹಾಕಬೇಕು. ಅವಸರದಲ್ಲಿ ಇದೊಂದು ತಪ್ಪಿದರೆ ಕೆಳಗಿನ ಬೇರಿಂಗು ಒಣಗಿ ತಿರುಗಿ ಸವೆಯುತ್ತದೆ.

ಮೋಟರ್ ಎತ್ತುವವರದು ಇನ್ನೊಂದು ಪಂಗಡ. ಮುಕ್ಕಾಲಿ ನಿಲ್ಲಿಸಿ, ಚೈನ್ ಬ್ಲಾಕ್ ಕಟ್ಟಿ, 20 ಅಡಿಯ ಪೈಪುಗಳನ್ನು ಒಂದೊಂದಾಗಿ ಮೇಲೆಳೆದು ಬಿಚ್ಚಬೇಕು. 600 ಅಡಿಯ ಬೋರಾದರೆ 30 ಪೈಪು. ಪ್ರತಿ ಜೋಡಣೆಯಲ್ಲೂ ಕ್ಲ್ಯಾಂಪು ಹಾಕಿ, ಪೈಪ್ ಪಾನಾ ಕಚ್ಚಿಸಿ, ಕೇಬಲ್ ಗಂಟು ಬಿಡಿಸಬೇಕು. ಕ್ಲ್ಯಾಂಪು ಜಾರಿದರೆ ಮೋಟರು, ಪೈಪು ಎಲ್ಲ ಪಾತಾಳ ಸೇರಿತೆಂದೇ ಲೆಕ್ಕ, ಎಷ್ಟೋ ಸಲ ಬೋರೇ ಹೋಗುತ್ತದೆ. ಇವರನ್ನು ಕೂಲಿಗಳು ಎನ್ನುವುದು ರೂಢಿ. ಕಾರ್ಖಾನೆಯಲ್ಲಿ ಇದೇ ಕೆಲಸ ಮಾಡುವವನಿಗೆ ರಿಗ್ಗರ್ ಎಂಬ ಹುದ್ದೆ, ಹೆಲ್ಮೆಟ್ಟು, ವಿಮೆ ಇರುತ್ತದೆ.

ಮೋಟರು ಇಷ್ಟು ಸುಡುವುದೇಕೆ? ಮೂರು ಫೇಸಿನಲ್ಲಿ ಒಂದು ಹೋದರೆ ಮೋಟರು ತಿರುಗಲಾರದೆ ಗುಂಯ್ ಎನ್ನುತ್ತ ವಿದ್ಯುತ್ತನ್ನು ಎರಡರಿಂದಲೇ ಹೀರಿ ಕಾಯುತ್ತದೆ. ಅಂಥ ಹೊತ್ತಿನಲ್ಲಿ ಬಿಡಿಸಲೆಂದೇ ಸ್ಟಾರ್ಟರಿನಲ್ಲಿ ರಿಲೇ ಇರುವುದು. ಪದೇಪದೇ ಟ್ರಿಪ್ ಆಗುತ್ತದೆಂದು ಅದಕ್ಕೆ ಕಡ್ಡಿ ಸಿಕ್ಕಿಸಿದವರನ್ನು ನೋಡಿದ್ದೇನೆ, ಫ್ಯೂಸಿಗೆ ದಪ್ಪ ತಂತಿ ಸುತ್ತಿದವರನ್ನೂ. ಕರೆಂಟು ಬರುವುದೇ ಕೆಲವು ಗಂಟೆ, ಬೆಳೆ ಒಣಗುತ್ತಿದೆ, ಅವರ ಅವಸರ ಅರ್ಥವಾಗುತ್ತದೆ. ಆದರೂ ಸ್ವಂತ ರಿಪೇರಿ ಎಂಬುದಕ್ಕೆ ಒಂದು ಗಡಿ ಇದೆ, ಅದು ಇಲ್ಲಿದೆ. ನಲ್ಲಿಯ ವಾಷರ್ ನೀವೇ ಹಾಕಿ. ಫ್ಯಾನು ನಿಧಾನವಾಗಿ ತಿರುಗಿದರೆ ಬಹಳ ಸಲ ಕೆಪಾಸಿಟರ್ ಸೋತಿರುತ್ತದೆ. ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ಅಷ್ಟೇ ಸಾಮರ್ಥ್ಯದ ಇನ್ನೊಂದನ್ನು ತಂದು ಬದಲಾಯಿಸಬಹುದು. ಕಂಬದಿಂದ ಮೀಟರಿನವರೆಗೆ, ಮೀಟರಿನಿಂದ ಸ್ಟಾರ್ಟರಿನವರೆಗೆ ಕೈ ಹಾಕಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬರುವ ತನಕ ಕಾಯುವುದು ಹೇಡಿತನವಲ್ಲ.

ಅರ್ಥಿಂಗ್ ಬಗ್ಗೆ ಎರಡು ಮಾತು. ನಮ್ಮ ಒಣನೆಲಕ್ಕೆ ಇದು ಬಹಳ ಮುಖ್ಯ. ಮನೆ ಕಟ್ಟುವಾಗ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ಹಾಕಿ ಮುಚ್ಚುತ್ತಾರೆ. ಆಮೇಲೆ ಆ ಕಡೆ ತಿರುಗಿ ನೋಡುವವರಿಲ್ಲ. ನೆಲ ಒಣಗಿದರೆ ವಿದ್ಯುತ್ತು ಅದರೊಳಗೆ ಸಲೀಸಾಗಿ ಇಳಿಯುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಮನೆಗಳ ಅರ್ಥಿಂಗು ಎಷ್ಟೋ ಕಡೆ ಹೆಸರಿಗಷ್ಟೇ. ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಆ ಗುಂಡಿಗೆ ಸುರಿಯಿರಿ, ಪಾತ್ರೆ ತೊಳೆದ ನೀರಾದರೂ ಸರಿ. ಹೊಸ ಮನೆಗಳಲ್ಲಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿರುತ್ತಾರೆ. ಅದರ ಮೇಲೆ ಒಂದು ಪುಟ್ಟ ಟೆಸ್ಟ್ ಬಟನ್ ಇರುತ್ತದೆ. ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಿ. ಕರೆಂಟು ಟಪ್ಪೆಂದು ಹೋದರೆ ಅದು ಸರಿಯಾಗಿದೆ ಎಂದರ್ಥ, ಹೋಗದಿದ್ದರೆ ಅದು ಗೋಡೆಗೆ ಅಂಟಿಸಿದ ಬೊಂಬೆ.

ನೀರಿನ ವಿಷಯ ಬಿಟ್ಟು ಪಾವಗಡದ ಮಾತು ಮುಗಿಯುವುದಿಲ್ಲ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ಮಾನಕ. ಅದನ್ನು ದಾಟಿದ ನೀರು ಕುಡಿದು ಹಲ್ಲು ಕಂದಾಗಿ, ಸೊಂಟ ಮೊಣಕಾಲು ಹಿಡಿದುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಹಾಗಾಗಿ ಊರೂರಿಗೆ ಶುದ್ಧ ನೀರಿನ ಘಟಕ ಬಂತು, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಉದ್ಘಾಟನೆಗೆ ಟೇಪು, ಕತ್ತರಿ, ಶಿಲಾಫಲಕ. ಆದರೆ ಒಳಗಿನ ಸೋಸುವ ಪೊರೆ ಗಡಸು ನೀರಿಗೆ ಬೇಗ ಕಟ್ಟಿಕೊಳ್ಳುತ್ತದೆ, ಅದರ ಮುಂದಿನ ಫಿಲ್ಟರುಗಳನ್ನು ಬದಲಾಯಿಸುತ್ತಲೇ ಇರಬೇಕು. ಅದಕ್ಕೆ ಫಲಕ ಹಾಕುವವರಿಲ್ಲ. ಪೊರೆ ಹೋದ ಮೇಲೂ ನೀರು ಬರುತ್ತಲೇ ಇರುತ್ತದೆ, ನೋಡಲು ತಿಳಿಯಾಗಿಯೇ ಇರುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ. ಮಾಳಿಗೆ ಸೋರಿದರೆ ತಲೆಯ ಮೇಲೆ ಹನಿ ಬಿದ್ದು ಗೊತ್ತಾಗುತ್ತದೆ. ಇದು ಗೊತ್ತಾಗುವುದು ವರ್ಷಗಳು ಕಳೆದ ಮೇಲೆ, ಮಗುವಿನ ಹಲ್ಲಿನಲ್ಲಿ. ಘಟಕದ ಬಾಗಿಲಿನ ಮೇಲೆ, ಪೊರೆ ಹಾಕಿದ ತಾರೀಕು ಇದು, ನೀರು ಪರೀಕ್ಷೆ ಮಾಡಿಸಿದ ತಾರೀಕು ಇದು ಎಂದು ಸುಣ್ಣದಲ್ಲಿ ಬರೆದಿರಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಖರ್ಚು ಒಂದು ಹಿಡಿ ಸುಣ್ಣ.

ರಿಪೇರಿ ಸುಲಭವಾಗುವ ಹಾಗೆ ವಸ್ತುವನ್ನು ಮೊದಲೇ ರೂಪಿಸಬಹುದು ಎಂಬುದಕ್ಕೆ ನಮ್ಮೂರ ಬೀದಿಯ ಕೈಪಂಪೇ ಸಾಕ್ಷಿ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ತಯಾರಾದ ಇಂಡಿಯಾ ಮಾರ್ಕ್ 2 ಪಂಪು ಆಫ್ರಿಕಾದ ಹಳ್ಳಿಗಳವರೆಗೂ ಹೋಯಿತು. ಗಟ್ಟಿಮುಟ್ಟಾದ ಪಂಪು. ಆದರೆ ಕೆಳಗಿನ ವಾಷರ್ ಸವೆದರೆ ಪೈಪುಗಳನ್ನೆಲ್ಲ ಮೇಲೆಳೆಯಬೇಕು, ಅದಕ್ಕೆ ತಾಲ್ಲೂಕಿನಿಂದ ಗಾಡಿ ಬರಬೇಕು. ಆಮೇಲೆ ಬಂದ ಮಾರ್ಕ್ 3ರಲ್ಲಿ ಪೈಪನ್ನು ಸ್ವಲ್ಪ ಅಗಲ ಮಾಡಿದರು, ಪಿಸ್ಟನ್ ಅದರೊಳಗಿಂದಲೇ ಮೇಲೆ ಬರುವ ಹಾಗೆ. ಪಾನಾ ಹಿಡಿಯಬಲ್ಲ ಇಬ್ಬರು ಊರಿನವರು ಸಾಕಾಯಿತು. ವಸ್ತು ಹೀಗಾದರೆ, ಕಲಿಸುವುದೂ ಕಷ್ಟವಲ್ಲ: ರಾಜಸ್ಥಾನದ ತಿಲೋನಿಯಾದಲ್ಲಿ ಓದುಬರಹ ಬಾರದ ಅಜ್ಜಿಯರಿಗೆ ಸೋಲಾರ್ ದೀಪ ಜೋಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿಸಿದ್ದಾರೆ. ನಮ್ಮಲ್ಲಿ ಐಟಿಐನ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಹೆಣ್ಣುಮಕ್ಕಳನ್ನು ಹುಡುಕಬೇಕು.

ಇನ್ನು ಕಸುಬಿನವರಿಗೆ ಸಿಗುವ ಮರ್ಯಾದೆಯ ಮಾತು. ಪಾವಗಡದಿಂದ ಬೈಕಿನಲ್ಲಿ ಬಂದ ಹುಡುಗ ನಲ್ಲಿ ಸರಿಮಾಡಿ ಎದ್ದು ನಿಲ್ಲುತ್ತಾನೆ. ‘ಎಷ್ಟಾಯ್ತಪ್ಪ?’ ಎನ್ನುತ್ತಾಳೆ ಮನೆಯ ಅಜ್ಜಿ. ‘ಕೊಟ್ಟಷ್ಟು ಕೊಡವ್ವ’ ಎನ್ನುತ್ತಾನೆ. ಈ ‘ಕೊಟ್ಟಷ್ಟು ಕೊಡಿ’ ಕೇಳಲು ಚೆನ್ನಾಗಿದೆ, ಆದರೆ ಆ ಹುಡುಗನ ಸಂಸಾರ ಅದರಲ್ಲಿ ನಡೆಯುವುದಿಲ್ಲ. ನೂರು ಎಂದರೆ ‘ಹತ್ತು ರೂಪಾಯಿ ವಾಷರಿಗೆ ನೂರಾ?’ ಎಂಬ ಮಾತು ಬರುತ್ತದೆಂದು ಅವನಿಗೆ ಗೊತ್ತು. ದಾರಿಯ ಪೆಟ್ರೋಲನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಸರ್ಕಾರದ ಲೆಕ್ಕದಲ್ಲೂ ಅವನಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಗಾರೆಯವರು, ಬೀಗ ರಿಪೇರಿಯವರೂ ಇದ್ದಾರೆ, ಸಲಕರಣೆಗೆ 15,000 ರೂಪಾಯಿ ನೆರವಿದೆ. ಒಳ್ಳೆಯ ಕೆಲಸ. ಆದರೆ ಪ್ಲಂಬರ್, ವೈರ್‌ಮನ್, ಮೋಟರ್ ವೈಂಡಿಂಗ್ ಮಾಡುವವನು ಆ ಪಟ್ಟಿಯಲ್ಲಿಲ್ಲ. ಹಳೆಯ ಆಯಗಾರರ ಹೆಸರುಗಳು ಉಳಿದುಕೊಂಡಿವೆ, ಈಗ ಊರು ನಡೆಸುತ್ತಿರುವವರ ಹೆಸರು ಇನ್ನೂ ಸೇರಿಲ್ಲ.

ಈಗ ತಿರುಮಣಿ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದು ಪಾರ್ಕ್ ಮಾಡಿದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಆಮೇಲೆ ಏರುತ್ತ ಹೋಗುವ ಗುತ್ತಿಗೆ. 2018ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದರು. ಈಗ ಪೂರ್ತಿ ಸಾಮರ್ಥ್ಯ 2050 ಮೆಗಾವಾಟ್. ಜಮೀನಿದ್ದವರಿಗೆ ಗುತ್ತಿಗೆ ಹಣ ಬಂತು. ಜಮೀನಿಲ್ಲದೆ ಆ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದವರಿಗೆ ಉಳಿದದ್ದು ಪಾರ್ಕಿನ ಚಾಕರಿ: ಕಾವಲು, ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು. ಹುಲ್ಲು ಬೆಳೆದು ನೆರಳು ಬಿದ್ದರೆ ಪ್ಯಾನೆಲ್ಲಿನ ಉತ್ಪಾದನೆ ಇಳಿಯುತ್ತದೆ, ದೂಳು ಕೂತರೂ ಅಷ್ಟೇ. ಕಾದ ಗಾಜಿಗೆ ತಣ್ಣೀರು ಹಾಕುವ ಹಾಗಿಲ್ಲವಾದ್ದರಿಂದ ತೊಳೆಯುವುದು ನಸುಕಿನಲ್ಲಿ ಇಲ್ಲವೇ ಬಿಸಿಲು ಇಳಿದ ಮೇಲೆ. ನಮ್ಮ ಗಡಸು ನೀರನ್ನು ಹಾಗೇ ಬಳಸಿದರೆ ಬಿಳಿ ಕಲೆ ಉಳಿದು ಅದೇ ಇನ್ನೊಂದು ಪರದೆಯಾಗುತ್ತದೆ. ಈಚೆಗೆ ನೀರಿಲ್ಲದೆ ಉಜ್ಜುವ ಯಂತ್ರಗಳೂ ಬಂದಿವೆ. ನೀರು ಉಳಿಯುತ್ತದೆ, ಆದರೆ ಕೂಲಿ ಹೋಗುತ್ತದೆ. ಈ ಯಂತ್ರದ ಬ್ರಶ್ಶು, ಬೆಲ್ಟು, ಬ್ಯಾಟರಿ ನೋಡಿಕೊಳ್ಳುವ ಕೆಲಸವನ್ನಾದರೂ ತೊಳೆಯುತ್ತಿದ್ದವರಿಗೇ ಕಲಿಸಿ ಕೊಡಬಹುದಲ್ಲ ಎಂಬುದು ನನ್ನ ವಾದ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಎರಡು ವರ್ಷ, ಪ್ಲಂಬರಿನದು ಒಂದೇ ವರ್ಷ. ಯಂತ್ರದ ಈ ಕೆಲಸಕ್ಕೆ ಅಷ್ಟೂ ಬೇಡ.

ಜಮೀನಿನ ಗುತ್ತಿಗೆ 28 ವರ್ಷದ್ದು, ಪ್ಯಾನೆಲ್ಲುಗಳಿಗೆ ಕಂಪನಿಗಳು ಹೇಳುವ ಆಯಸ್ಸು 25 ವರ್ಷ. ಅಂದರೆ ಈಗ ನಾಗಲಮಡಿಕೆಯ ಶಾಲೆಯಲ್ಲಿ ಐದನೇ ತರಗತಿ ಓದುತ್ತಿರುವ ಹುಡುಗ ಹುಡುಗಿಯರು ಮೂವತ್ತರ ಆಸುಪಾಸಿಗೆ ಬರುವ ಹೊತ್ತಿಗೆ ಲಕ್ಷಾಂತರ ಪ್ಯಾನೆಲ್ ಬಿಚ್ಚುವ, ಬದಲಾಯಿಸುವ, ತಂತಿ ಎಳೆಯುವ ಕೆಲಸ ಇದೇ ಹೋಬಳಿಯಲ್ಲಿ ಕಾದಿರುತ್ತದೆ. ಅದಕ್ಕೆ ಜನ ಬೆಂಗಳೂರಿನಿಂದಲೋ ಅನಂತಪುರದಿಂದಲೋ ಬರಬೇಕೋ ಬೇಡವೋ ಎಂಬುದನ್ನು ಈಗಿನಿಂದಲೇ ಯೋಚಿಸಬೇಕು. ಮನೆಯಲ್ಲಿ ಮಕ್ಕಳು ಪ್ಲಯರ್, ಟೆಸ್ಟರ್ ಮುಟ್ಟಿದರೆ ಗದರಬೇಡಿ, ಮೇನ್ ಸ್ವಿಚ್ ಆರಿಸುವುದನ್ನು ಮೊದಲು ಕಲಿಸಿ, ಆಮೇಲೆ ಕೈಗೆ ಕೊಡಿ.